ಚೆಂಡುಹೂವಿನ ಕೆಳಗಿನ ಡ್ರಿಲ್ಲಿಂಗ್ ಮೆಷಿನ್ನು

ಕೇಟಿ, ಟೆಕ್ಸಾಸ್
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಲೀಲಕ್ಕನಿಗೆ,

ತಮ್ಮ ಮೋಹನರಾಜನ ಸಾಷ್ಟಾಂಗ ನಮಸ್ಕಾರಗಳು. (ಮಂಡಿನೋವಿನ ಕಾರಣ ಎಂಟು ಅಂಗಗಳಲ್ಲಿ ಆರು ಮಾತ್ರ ಸಹಕರಿಸಿವೆ. ಮಿಕ್ಕಿದ್ದನ್ನು ಮನಸ್ಸಿನಲ್ಲೇ ಮಾಡಿದ್ದೇನೆ.)

ಸಮಸ್ತ ಲೋಕಕ್ಕೂ, ವಿಶೇಷವಾಗಿ ಮೈಸೂರಿನ ಸರಸ್ವತಿಪುರಂ ನಿವಾಸಿಯಾದ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಮನೆಯ ಮುಂಬಾಗಿಲಿಗೆ ಕಂದು ಬಣ್ಣ ಬಳಿಯಲು ಅಪ್ಪಣೆ ದೊರೆತಿದೆ! ಮೂರು ತಿಂಗಳು, ನಾಲ್ಕು ಅರ್ಜಿ, ಎರಡು ಸಭೆ. ನಾನು ಮೊದಲು ಆರಿಸಿದ ಕಂದು ಬಣ್ಣವನ್ನು ನಮ್ಮ ಬಡಾವಣೆಯ ಸಂಘದವರು ‘ಇದು ಕೆಂಪಿನ ಕಡೆ ವಾಲಿದೆ’ ಎಂದು ತಿರಸ್ಕರಿಸಿದ್ದರು. ಮೇಲ್ಮನವಿ ಸಲ್ಲಿಸಿದೆ. ಗೆದ್ದೆ. ಇಂದುಮತಿ ಪಾಯಸ ಮಾಡಲಿಲ್ಲ, ಆದರೆ ಮಾಡುವಂಥ ಮುಖ ಮಾಡಿದಳು.

ಇಷ್ಟು ದಿನ ಕಾಗದ ಬರೆಯದೆ ಇದ್ದದ್ದಕ್ಕೆ ಈ ಬಾಗಿಲೇ ಕಾರಣ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಕ್ಷಮಿಸು, ಕಾರಣ ಬೇರೆ ಇದೆ. ಆಯುಧಪೂಜೆಯ ಫೋಟೋ ನೋಡಿ ನೀನು ಫೋನಿನಲ್ಲಿ ಕೇಳಿದೆಯಲ್ಲ, “ಲೋ ಮೋಹನ, ಸ್ಕ್ರೂಡ್ರೈವರ್ ಪಕ್ಕದಲ್ಲಿ, ಚೆಂಡುಹೂವಿನ ಕೆಳಗೆ, ಅದೇನೋ ಕಪ್ಪಗೆ?” ಅಂತ. ನಾನು ಡ್ರಿಲ್ಲಿಂಗ್ ಮೆಷಿನ್ನು ಅಂದೆ. “ಇಷ್ಟು ಚಿಕ್ಕದಾ?” ಅಂದೆ ನೀನು. ಅಮೆರಿಕದಲ್ಲಿ ಈಗ ಎಲ್ಲ ಚಿಕ್ಕದಾಗ್ತಾ ಇದೆ ಅಂದೆ ನಾನು.

ಅಕ್ಕ, ಅದು ಡ್ರಿಲ್ಲಿಂಗ್ ಮೆಷಿನ್ನಲ್ಲ. ಪಿಸ್ತೂಲು. ನನ್ನದೇ.

ಕೂತುಕೋ. ನೀರು ಕುಡಿ. ಆಮೇಲೆ ಮುಂದೆ ಓದು.

ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮ ಮನೆಗೆ ಕಳ್ಳರು ನುಗ್ಗಿದ್ದು ನಿನಗೆ ಗೊತ್ತು. ನಾವು ಅರಿಶಿನ ಕುಂಕುಮಕ್ಕೆ ಅಂತ ನಾಲ್ಕು ಮನೆ ಸುತ್ತಿ ಬರುವಷ್ಟರಲ್ಲಿ ಬಾಗಿಲು ಮುರಿದು, ಇಂದುಮತಿಯ ಬಳೆಗಳ ಜೊತೆಗೆ ಕಲಶಕ್ಕೆ ಕಟ್ಟಿದ್ದ ಲಕ್ಷ್ಮಿಯ ಬೆಳ್ಳಿಮುಖವನ್ನೂ ಒಯ್ದಿದ್ದರು. ಸೀರೆ ಉಟ್ಟ ತೆಂಗಿನಕಾಯಿ ಮಾತ್ರ ಮುಖವಿಲ್ಲದೆ ಕೂತಿತ್ತು. ಅದನ್ನು ನೋಡಿದ ಮೇಲೆ ನನಗೆ ಏನೋ ಆಯಿತು. ಕಾರಿನಿಂದ ಇಳಿದು ನಮ್ಮ ಮನೆಯ ಒಳಗೆ ಹೋಗಲು ನಮಗೇ ಕಾಲು ಬರುತ್ತಿರಲಿಲ್ಲ.

ಆಗ ಬಂದ ಹಿಂದಿನ ಬೀದಿಯ ಇರಣ್ಣ. ಧಾರವಾಡದವನು, ಪೆಟ್ರೋಲಿಯಂ ಇಂಜಿನಿಯರು, ನನಗಿಂತ ಹತ್ತು ವರ್ಷ ಚಿಕ್ಕವನಾದರೂ ಬುದ್ಧಿ ಹೇಳುವುದರಲ್ಲಿ ನನ್ನ ತಾತ. “ಟೆಕ್ಸಾಸ್‌ನಾಗ ಇದ್ದು ಮನ್ಯಾಗ ಒಂದ್ ಬಂದೂಕ ಇಲ್ಲಂದ್ರ ಹೆಂಗ್ರೀ ಸರ? ನಾಳೆ ನಡೀರಿ, ಕೊಡಸ್ತೀನಿ” ಅಂದ.

“ಇರಣ್ಣೋರೇ, ಕಳ್ಳರು ಬಂದಾಗ ನಾವು ಮನೇಲೇ ಇರ್ಲಿಲ್ಲ. ಬಂದೂಕ ಇದ್ದಿದ್ರೆ ಅದನ್ನೂ ತಗೊಂಡ್ ಹೋಗ್ತಿದ್ರು, ಅಷ್ಟೇ” ಅಂದಳು ಇಂದುಮತಿ.

“ಅದೂ ಖರೇನ ಬಿಡ್ರಿ ವೈನಿ” ಅಂದ ಇರಣ್ಣ. ಅಷ್ಟಾದರೂ ಮಾರನೆಯ ದಿನ ಕೊಡಿಸಿದ. ಒಂದು ಫಾರಂ ತುಂಬಿದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ನನ್ನ ಪೂರ್ವಚರಿತ್ರೆ ವಿಚಾರಿಸಿದ, ಅದು ನನ್ನಷ್ಟೇ ಸಪ್ಪೆಯಾಗಿತ್ತು. ಅರ್ಧ ಗಂಟೆ. ಬಾಗಿಲಿನ ಬಣ್ಣಕ್ಕೆ ಮೂರು ತಿಂಗಳು, ಬಂದೂಕಿಗೆ ಅರ್ಧ ಗಂಟೆ. ಇದರಲ್ಲಿ ಯಾವುದು ಹೆಚ್ಚು ಅಪಾಯಕಾರಿ ಅನ್ನುವುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಆಸ್ಟಿನ್‌ನಲ್ಲಿರುವ ಮಗಳು ಹರ್ಷಿಣಿಗೆ ಹೇಳಲಿಲ್ಲ. ಅವಳದ್ದೊಂದು ಕಟ್ಟುನಿಟ್ಟು ನಿನಗೆ ಗೊತ್ತಲ್ಲ: ಮೊಮ್ಮಗಳು ಇಶಾ ಎರಡು ವರ್ಷದ ಕೂಸಾಗಿದ್ದಾಗಿನಿಂದ, ಮಗುವನ್ನು ಯಾರ ಮನೆಗೆ ಆಟಕ್ಕೆ ಕಳಿಸಬೇಕಾದರೂ ಮೊದಲು ಫೋನ್ ಮಾಡಿ, “ನಿಮ್ಮನೇಲಿ ಬಂದೂಕು ಇದೆಯಾ?” ಅಂತ ಕೇಳುವುದು. ಇದೆ ಅಂದರೆ ಕಳಿಸುವುದಿಲ್ಲ. ಇಲ್ಲಿ ಬಹಳ ತಾಯಂದಿರು ಕೇಳುತ್ತಾರೆ. ಮಗುವಿಗೆ ಕಡಲೇಕಾಯಿಯ ಅಲರ್ಜಿ ಇದೆಯೋ ಇಲ್ಲವೋ ಅಂತ ಹೇಳುವ ಹಾಗೆ, ಅದೇ ಧ್ವನಿಯಲ್ಲಿ. ಇಶಾಗೀಗ ಹದಿನೈದು. ನಿಯಮ ಇನ್ನೂ ಹಾಗೇ ಇದೆ. ಡಿಸೆಂಬರ್ ರಜೆಯಲ್ಲಿ ಎರಡು ವಾರ ಅವಳು ನಮ್ಮಲ್ಲಿಗೆ ಬರುವವಳು. ನಾವಿಬ್ಬರೂ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಾ ಕೂತಿದ್ದೇವೆ.

ಆಯುಧಪೂಜೆಗೆ ಇಂದುಮತಿ ಕಾರಿನ ಕೀಲಿ, ಮಿಕ್ಸಿ ಜಾರು, ಈಳಿಗೆಮಣೆ, ಕತ್ತರಿ ಎಲ್ಲ ಜೋಡಿಸಿದಳು. ಮೂಲ ಅರ್ಥದ ಆಯುಧ ಮನೆಯಲ್ಲಿರುವಾಗ ಅದನ್ನು ಬಿಟ್ಟು ಮಿಕ್ಸಿಗೆ ಪೂಜೆ ಮಾಡುವುದು ನ್ಯಾಯವೇ ಅಂತ ನಾನೇ ತಂದಿಟ್ಟೆ. ಗುಂಡು ತೆಗೆದೇ ಇಟ್ಟಿದ್ದೆ, ಗಾಬರಿಯಾಗಬೇಡ. ಇಂದುಮತಿ ಅದಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಅಕ್ಷತೆ ಹಾಕಿ, “ಪೂಜೆ ಆದ್ಮೇಲೆ ನಾಳೆವರೆಗೂ ಮುಟ್ಟೋ ಹಾಗಿಲ್ಲ” ಅಂದಳು. ಅಂದರೆ ಆ ಒಂದು ದಿನ ಕಳ್ಳರಿಗೆ ಪೂರ್ತಿ ರಿಯಾಯಿತಿ.

ಆಮೇಲೆ ನೋಡಿದರೆ ಕುಂಕುಮ ಸಂದಿಯೊಳಗೆಲ್ಲ ಇಳಿದು, ಅಕ್ಕಿಕಾಳೊಂದು ಸಿಕ್ಕಿಹಾಕಿಕೊಂಡಿತ್ತು. ಅಂಗಡಿಗೆ ಒಯ್ದೆ. ಎದೆಯುದ್ದ ಗಡ್ಡದ ಆಸಾಮಿ ಬಿಚ್ಚಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, “ಸರ್, ಇದು ರಕ್ತವಾ?” ಅಂತ ಕೇಳಿದ.

“ಅಲ್ಲಪ್ಪ, ಗೌರವ” ಅಂದೆ.

ಅವನು ಅಕ್ಕಿಕಾಳನ್ನು ಚಿಮಟದಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಮೂವತ್ತು ವರ್ಷದ ಅನುಭವದಲ್ಲಿ ಇಂಥ ಗುಂಡನ್ನು ಕಂಡಿರಲಿಲ್ಲವಂತೆ.

ಇಷ್ಟು ಹೊತ್ತು ನಕ್ಕೆಯಲ್ಲ, ಈಗ ನಗಬೇಡ. ದೀಪಾವಳಿಯ ಮಾರನೇ ದಿನ ಮಧ್ಯಾಹ್ನ ಯಾರೋ ಪಕ್ಕದ ಗೇಟು ತೆಗೆದು ಹಿತ್ತಲ ಬಾಗಿಲು ಗುದ್ದಿದರು. ನನ್ನ ಕೈ ತಾನಾಗಿ ಡ್ರಾಯರಿಗೆ ಹೋಯಿತು. ಈ ಸಲ ಗುಂಡು ತುಂಬಿತ್ತು. ಹಿಡಿದು ಎರಡು ಹೆಜ್ಜೆ ಇಟ್ಟೂ ಇಟ್ಟೆ. ಆಗ, “ಸರ, ಹೋಳಿಗಿ ತಂದೀನ್ರಿ, ಬಿಸಿ ಅದಾವ!” ಅಂತ ಇರಣ್ಣನ ಧ್ವನಿ. ಪಿಸ್ತೂಲನ್ನು ಸೋಫಾ ದಿಂಬಿನ ಕೆಳಗೆ ತಳ್ಳಿ ಬಾಗಿಲು ತೆಗೆದೆ. ಅವನು ಬಂದು ಅದೇ ದಿಂಬಿಗೆ ಒರಗಿ ಕೂತು, ನನಗೇ ಎರಡು ಹೋಳಿಗೆ ತಿನ್ನಿಸಿ ಹೋದ. ಏನು ರುಚಿಯಿತ್ತೋ ಗೊತ್ತಾಗಲಿಲ್ಲ.

ಇನ್ನು ಇಶಾಳ ಸುದ್ದಿ. ಅವಳ ಶಾಲೆಯ ಚರ್ಚಾಸ್ಪರ್ಧೆಗೆ ಈ ಸಲ ಕೊಟ್ಟ ವಿಷಯ, ‘ಬಂದೂಕಿನ ಕಾನೂನು ಬಿಗಿಯಾದರೆ ದೇಶಗಳಲ್ಲಿ ಹಿಂಸೆ ಕಡಿಮೆಯಾಗುತ್ತದೆಯೇ?’ ನಮ್ಮ ಕಾಲದಂತೆ ಪರ ಅಂದರೆ ಕೊನೆಯತನಕ ಪರ ಅಲ್ಲ. ಪ್ರತಿ ಸುತ್ತಿಗೂ ನಾಣ್ಯ ಚಿಮ್ಮುತ್ತಾರೆ, ಬಿದ್ದ ಕಡೆ ವಾದ ಮಾಡಬೇಕು. ಎರಡೂ ಕಡೆಯ ತಯಾರಿಗೆ ತಾತನೇ ಬೇಕು ಅಂತ ಹಟ. ದಿನಾ ಸಂಜೆ ಫೋನು. ನಾನು ಕನ್ನಡ, ಅವಳು ಮುಕ್ಕಾಲು ಇಂಗ್ಲಿಷು.

ಓದಿದೆ ಅಕ್ಕ, ರಾಶಿ ಓದಿದೆ. ಜಪಾನಿನಲ್ಲಿ ಕಾನೂನು ಬಿಗಿ, ಗುಂಡೇಟೇ ಅಪರೂಪ. ಸರಿ, ಕಾನೂನಿನಿಂದ ಆಗುತ್ತದೆ ಅಂತ ಬರೆದುಕೊಂಡೆ. ಸ್ವಿಟ್ಜರ್ಲೆಂಡಿನಲ್ಲಿ ಎಷ್ಟೋ ಮನೆಗಳಲ್ಲಿ ಬಂದೂಕು, ಆದರೂ ತಣ್ಣಗಿದ್ದಾರೆ. ಹೊಡೆದುಹಾಕಿದೆ. ಮೆಕ್ಸಿಕೋದಲ್ಲಿ ಇಡೀ ದೇಶಕ್ಕೆ ಬಂದೂಕಿನ ಅಂಗಡಿ ಒಂದೋ ಎರಡೋ, ಆದರೂ ಹೆಣಗಳಿಗೆ ಲೆಕ್ಕವಿಲ್ಲ. ಕಾನೂನಿನಿಂದ ಆಗುವುದಿಲ್ಲ ಅಂತ ಬರೆದೆ. ಅಷ್ಟರಲ್ಲಿ ಇಶಾ, “ತಾತ, ಆ ಗನ್ಸ್ ಎಲ್ಲಾ ಎಲ್ಲಿಂದ ಹೋಗ್ತವೆ ಗೆಸ್ ಮಾಡಿ” ಅಂದಳು. ಬಹಳಷ್ಟು ನಮ್ಮ ಟೆಕ್ಸಾಸ್ ಕಡೆಯಿಂದಲೇ ಅಂತೆ! ಮತ್ತೆ ಹೊಡೆದುಹಾಕಿದೆ. ಆಸ್ಟ್ರೇಲಿಯಾದವರು ಜನರಿಂದ ಬಂದೂಕು ವಾಪಸು ಕೊಂಡರು, ಸಾವು ಇಳಿಯಿತು. ಮೊದಲೇ ಇಳಿಯುತ್ತಿತ್ತಲ್ಲ ಅನ್ನುತ್ತಾರೆ ಕೆಲವು ಪಂಡಿತರು. ಇನ್ನೂ ಜೋರಾಗಿ ಇಳಿಯಿತಲ್ಲ ಅನ್ನುತ್ತಾರೆ ಇನ್ನು ಕೆಲವರು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದ ನೀನು ಹೇಳುತ್ತಿದ್ದೆಯಲ್ಲ, “ಒಟ್ಟಿಗೆ ನಡೆದದ್ದೆಲ್ಲ ಒಂದರಿಂದ ಇನ್ನೊಂದು ನಡೆದದ್ದಲ್ಲ ಕಣೋ” ಅಂತ. ನೀನು ಪಕ್ಕದಲ್ಲಿರಬೇಕಿತ್ತು. ಸೋಮವಾರ ಪರ ಬರೆದಾಗ ಪಿಸ್ತೂಲು ಮಾರಿಬಿಡೋಣ ಅನ್ನಿಸಿತು. ಮಂಗಳವಾರ ವಿರೋಧ ಬರೆದಾಗ ಜೊತೆಗಿನ್ನೊಂದು ತರೋಣ ಅನ್ನಿಸಿತು. ಬುಧವಾರ ನನಗೆ ಜ್ವರ ಬಂತು.

ಕಳೆದ ಶನಿವಾರ ಹ್ಯೂಸ್ಟನ್‌ನ ಒಂದು ಶಾಲೆಯಲ್ಲಿ ಸ್ಪರ್ಧೆ. ನಾವಿಬ್ಬರೂ ಮೂರನೇ ಸಾಲಿನಲ್ಲಿ. ಆ ಮಕ್ಕಳು ಮಾತಾಡುವ ವೇಗವೋ! ಒಂದೇ ದಿನ ಮೂರನೇ ಮದುವೆ ಮಾಡಿಸುವ ಪುರೋಹಿತರ ಹಾಗೆ. ಇಶಾ ಒಂದು ಸುತ್ತು ವಿರೋಧ ಮಾತಾಡಿ ಗೆದ್ದಳು, ಮುಂದಿನ ಸುತ್ತು ಪರ ಮಾತಾಡಿ ಗೆದ್ದಳು. ಎರಡು ಸಲವೂ ನಾನು ತಲೆಯಾಡಿಸಿದೆ. ಇಂದುಮತಿ, “ರೀ, ಒಂದ್ ಕಡೆ ಇರಿ” ಅಂತ ತಿವಿದಳು. ಫೈನಲ್ಲಿನಲ್ಲಿ ನಾಣ್ಯ ಮತ್ತೆ ಪರಕ್ಕೆ ಬಿತ್ತು. ಎದುರಾಳಿ ಡಾಲಸ್ ಕಡೆಯ ಹುಡುಗ. “ಪೊಲೀಸರು ಬರುವವರೆಗೆ ವಯಸ್ಸಾದ ದಂಪತಿ ಏನು ಮಾಡಬೇಕು?” ಅಂತ ಗುದ್ದಿದ. ಇಶಾ ಒಂದು ಉದಾಹರಣೆ ಕೊಟ್ಟಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಗೆಲುವಿನ ಕಪ್ ಅವಳಿಗೇ ಬಂತು.

ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಸಕ್ಕರೆ ಹೇಗಿದೆ? ಸಂಜೆ ವಾಕಿಂಗ್ ತಪ್ಪಿಸಬೇಡ. ಮಕ್ಕಳು ಮೊಮ್ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ. ನಮಗೆ ನಿನ್ನದು ಬೇಕು, ಈ ಸಲ ಸ್ವಲ್ಪ ಜಾಸ್ತಿಯೇ.

ಇಂತಿ ನಿನ್ನ ತಮ್ಮ,
ಮೋಹನ

ಮರೆತ ಮಾತು: ಮರೆತಿರಲಿಲ್ಲ. ಆ ಉದಾಹರಣೆ ಏನು ಅಂತ ಬರೆಯದೆ ಲಕೋಟೆ ಅಂಟಿಸೋಣ ಅಂತಿದ್ದೆ.

ಸ್ಪರ್ಧೆಗೆ ಒಂದು ವಾರ ಮುಂಚೆ ಇಶಾ ಫೋನಿನಲ್ಲಿ, “ತಾತ, ಡು ಯು ಓನ್ ಎ ಗನ್?” ಅಂತ ಕೇಳಿದ್ದಳು. ಅವಳ ನೋಟ್ಸಿಗೆ ಬೇಕಿತ್ತಂತೆ. ನಾನು, “ಇಲ್ಲ ಪುಟ್ಟಾ” ಅಂದೆ. ಇದೆ ಅಂದರೆ ಡಿಸೆಂಬರ್ ಹೋಯಿತು ಅಂತ ಲೆಕ್ಕ ಹಾಕಿದ್ದೂ ಇಲ್ಲ, ಅದಕ್ಕೂ ಮೊದಲೇ ಬಾಯಿಂದ ಬಂದಾಗಿತ್ತು. ಬೀನ್ಸ್ ಮುರಿಯುತ್ತಿದ್ದ ಇಂದುಮತಿಯ ಕೈ ನಿಂತಿತು. ಆಮೇಲೆ ಮತ್ತೆ ಮುರಿಯತೊಡಗಿದಳು.

ಫೈನಲ್ಲಿನಲ್ಲಿ ಇಶಾ ಹೇಳಿದ್ದು ಇದು. ಆ ಒಂದು ಸಲ ನಿಧಾನವಾಗಿ ಹೇಳಿದಳು: “ನನ್ನ ತಾತನ ಮನೆಗೆ ಕಳ್ಳರು ನುಗ್ಗಿದರು. ದೇವರ ಮುಖವನ್ನೂ ಬಿಡಲಿಲ್ಲ. ಬಂದೂಕು ಕೊಳ್ಳುವುದು ತಾತನಿಗೆ ಬಹಳ ಸುಲಭವಾಗಿತ್ತು. ಅವರು ಕೊಳ್ಳಲಿಲ್ಲ. ಬಾಗಿಲು ರಿಪೇರಿ ಮಾಡಿಸಿದರು. ನನಗೆ ಗೊತ್ತಿರುವವರಲ್ಲಿ ಅವರಷ್ಟು ಧೈರ್ಯವಂತರು ಇಲ್ಲ. ಅದೋ, ಅಲ್ಲಿ ಕೂತಿದ್ದಾರೆ.”

ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು ನಿಂತು ಕೈ ಮುಗಿದೆ ಅಕ್ಕ.

ಪಿಸ್ತೂಲು ಇನ್ನೂ ಡ್ರಾಯರಿನಲ್ಲೇ ಇದೆ. ಇಟ್ಟುಕೊಂಡರೆ ಹೆದರಿಕೆ, ಕೊಟ್ಟುಬಿಟ್ಟರೂ ಹೆದರಿಕೆ. ಏನು ಮಾಡಬೇಕು ಅಂತ ಇಶಾಳೇ ಹೇಳಲಿ, ಎರಡೂ ಕಡೆ ವಾದ ಮಾಡಬಲ್ಲಳು. ಆದರೆ ಅವಳಿಗೆ ನಾನೇ ಫೋನ್ ಮಾಡಿದರೆ ಮೂರನೇ ವಾಕ್ಯಕ್ಕೆ ತಮಾಷೆ ಶುರುಮಾಡಿಬಿಡುತ್ತೇನೆ, ನಿನ್ನೆ ಎರಡು ಸಲ ಹಾಗೇ ಆಯಿತು. ಕಾಗದವನ್ನೇ ಕಳಿಸೋಣ ಅಂದರೆ ಅವಳಿಗೆ ಕನ್ನಡ ಓದಲು ಇನ್ನೂ ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಅದಕ್ಕೇ ನಿನ್ನಿಂದ ಒಂದು ಸಣ್ಣ ಉಪಕಾರ. ಅಂಚೆಗೆ ಹಾಕಿದರೆ ತಡವಾಗುತ್ತದೆ ಅಂತ ಎಲ್ಲ ಹಾಳೆಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಪ್ರತಿ ಭಾನುವಾರ ಲೀಲಜ್ಜಿಯ ಕನ್ನಡ ಪಾಠಕ್ಕೆ ಅಂತ ಅವಳು ನಿನಗೆ ಫೋನ್ ಮಾಡುತ್ತಾಳಲ್ಲ, ಈ ಭಾನುವಾರ ಇದನ್ನೇ ಓದಿಹೇಳು. ಬಾಗಿಲ ಬಣ್ಣದಿಂದಲೇ ಶುರುಮಾಡು. ‘ಇಲ್ಲ ಪುಟ್ಟಾ’ ಅನ್ನುವ ಕಡೆ ಮಾತ್ರ ಕನ್ನಡಕ ಸರಿಮಾಡಿಕೊಂಡು, ಸ್ವಲ್ಪ ನಿಧಾನವಾಗಿ ಓದು.