ಬೆಳ್ಳಗೆ ಬಂದ ಟವೆಲ್

ಏಪ್ರಿಲ್ 6, ಭಾನುವಾರ, ಸಂಜೆ

ಮತ್ತೆ ಹೋಗಿಬಂದರು ನಮ್ಮ ಯಜಮಾನರು, ಅಂದಪ್ಪನವರು. ಇದು ಮೂರನೆಯ ಭಾನುವಾರ. ಇಳಕಲ್‌ನಲ್ಲಿ ನಲವತ್ತೊಂದು ಡಿಗ್ರಿ. ಅಡುಗೆಮನೆಯ ತಗಡಿನ ಕೆಳಗೆ ಐದು ನಿಮಿಷ ನಿಂತರೆ ಸೀರೆ ಒದ್ದೆ. ಅದು ಸಾಲದು ಇವರಿಗೆ. ಬೆಳಗಿನ ಪಾಳಿ ಮುಗಿಸಿ, ಗ್ರಾನೈಟ್ ಪಾಲಿಶ್ ಘಟಕದಿಂದ ಸೀದಾ ಬಸ್ ಹತ್ತಿ, ಬಾಗಲಕೋಟೆಯ ವಿದ್ಯಾಗಿರಿಗೆ ಹೋಗಿ, ಕಟ್ಟಿಗೆಯ ಡಬ್ಬಿಯೊಳಗೆ ಅರ್ಧ ತಾಸು ಕೂತು ಬೆವರಿ ಬರಬೇಕು. ಇನ್‌ಫ್ರಾರೆಡ್ ಸೌನಾ ಅಂತೆ. ಕಣ್ಣಿಗೆ ಕಾಣದ ಬೆಳಕು ಮೈಯೊಳಗೆ ಇಳಿದು ವಿಷವನ್ನೆಲ್ಲ ಹೊರಗೆ ಹಾಕುತ್ತದಂತೆ. ಮೊಬೈಲ್‌ನಲ್ಲಿ ಯಾವುದೋ ವಿಡಿಯೋ ಹೇಳಿತು, ಇವರು ನಂಬಿದರು.

ಚೀಲದಿಂದ ಟವೆಲ್ ತೆಗೆದು ಬಿಡಿಸಿ ತೋರಿಸಿದರು. ಬೂದು ಬಣ್ಣ.

“ನೋಡ ಅಂಜನಾ, ಇಪ್ಪತ್ತ ವರ್ಷದ ಕಲ್ಲಿನ ಪುಡಿ ಹೊರಗ ಬರಾಕತ್ತೈತಿ.”

ಏಳನೇ ತರಗತಿಗೆ ವಿಜ್ಞಾನ ಕಲಿಸುವವಳು ನಾನು. ಈ ಮನುಷ್ಯನನ್ನು ಕಟ್ಟಿಕೊಂಡು... ಹೋಗಲಿ.

ಏಪ್ರಿಲ್ 8

ನಸುಕಿನಲ್ಲಿ ಕೆಮ್ಮು. ಹಲ್ಲುಜ್ಜುವಾಗ ಕೆಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಜನವರಿಯಲ್ಲೇ ಡಾಕ್ಟರು ಎದೆಯ ಎಕ್ಸ್‌ರೇಗೆ ಚೀಟಿ ಬರೆದುಕೊಟ್ಟಿದ್ದಾರೆ. ಕಪಾಟಿನಲ್ಲಿ ಬಿದ್ದಿದೆ. ನಾಳೆ, ನಾಡಿದ್ದು, ಹಬ್ಬ ಮುಗಿಯಲಿ...

ಖರೆ ಹೇಳಬೇಕೆಂದರೆ ಬೆನ್ನುನೋವು ಕಡಿಮೆಯಾಗಿದೆ. ನಿದ್ದೆಯೂ ಚೆನ್ನಾಗಿ ಬರುತ್ತಿದೆ. ನಿನ್ನೆ ನೀರಿನ ಕೊಡ ತಾವೇ ಎತ್ತಿಟ್ಟರು. ಬಿಸಿ ತಾಗಿದರೆ ಬೆನ್ನು ಸಡಿಲಾಗುತ್ತದೆ, ಒಪ್ಪಿದೆ. ಬೆನ್ನೇ ಬೇರೆ, ಶ್ವಾಸಕೋಶವೇ ಬೇರೆ ಅಂದರೆ ಮಾತ್ರ ಕಿವಿಗೆ ಹೋಗುವುದಿಲ್ಲ. ಆ ಡಬ್ಬಿಯಿಂದ ಏನೂ ಉಪಯೋಗವಿಲ್ಲದಿದ್ದರೆ ನನ್ನ ಜಗಳ ಸುಲಭವಾಗುತ್ತಿತ್ತು.

ಏಪ್ರಿಲ್ 12

ಶಾಲೆಗೆ ರಜೆ. ಬುತ್ತಿ ಕೊಡಲು ಘಟಕಕ್ಕೆ ಹೋಗಿದ್ದೆ. ನೀರು ಬಿಟ್ಟರೆ ಗುರುತಿನ ಗೆರೆ ಕಾಣುವುದಿಲ್ಲವೆಂದು ಕಲ್ಲಿನ ಅಂಚನ್ನು ನೀರಿಲ್ಲದೆ ಒಣಗಿದ್ದಂತೆಯೇ ಉಜ್ಜುತ್ತಾರೆ. ಧೂಳಿನಲ್ಲಿ ಗಂಡ ಯಾರು, ಕಂಬ ಯಾವುದು ತಿಳಿಯಲಿಲ್ಲ. ಸಂಜೆ ಒಂದು ತುಂಡು ಬೆಲ್ಲ ತಿಂದರೆ ಎಲ್ಲ ಧೂಳು ಕೆಳಗಿಳಿಯುತ್ತದೆ ಎನ್ನುವುದು ಇಲ್ಲಿಯವರ ನಂಬಿಕೆ. ಇಷ್ಟು ದಿನ ಬೆಲ್ಲದ ಜೊತೆ ಬಡಿದಾಡಿದೆ. ಈಗ ಸೌನಾ ಬೇರೆ.

ಹದಿನೈದು ವರ್ಷದಿಂದ ಇವರ ಪಕ್ಕದಲ್ಲೇ ಕೆಲಸ ಮಾಡುವ ಯಾಸೀನನ ಮಾಸ್ಕ್ ಕೊರಳಲ್ಲಿ ನೇತಾಡುತ್ತಿತ್ತು. ಬೆವರು ಇಳಿಸಿದರೆ ಸಾಕು ಅಂತ ಅಂದಪ್ಪಣ್ಣನೇ ಹೇಳಿದ್ದಾನೆ ವೈನಿ, ಅಂದ. ಸಿಟ್ಟು ನೆತ್ತಿಗೇರಿತು. ಮೈಮೇಲಿನ ಧೂಳನ್ನೇ ಟವೆಲ್‌ಗೆ ಒರೆಸಿಕೊಂಡು ಬರುತ್ತಿದ್ದಾರೆ ನಿಮ್ಮಣ್ಣ! ನಾಳೆ ಪ್ರಯೋಗ ಮಾಡಿಯೇ ತೋರಿಸುತ್ತೇನೆ.

ಏಪ್ರಿಲ್ 13, ಸಂಜೆ

ಪಾಳಿ ಮುಗಿದ ಕೂಡಲೇ ಮನೆಗೆ ಹಿಡಿದು ತಂದು, ತಲೆಗೆ ಮೈಗೆ ಎರಡೆರಡು ಸಲ ಸೋಪು ಹಚ್ಚಿ ತಿಕ್ಕಿ ಸೌನಾಕ್ಕೆ ಕಳಿಸಿದ್ದೆ. ಟವೆಲ್ ಬೆಳ್ಳಗೆ ಬಂತು. ಗೆದ್ದೆ ಅಂದುಕೊಂಡು ನಕ್ಕೂಬಿಟ್ಟೆ.

ಇವರು ಟವೆಲನ್ನು ಬಹಳ ಹೊತ್ತು ನೋಡಿದರು. ನನಗಿಂತ ಜೋರಾಗಿ ನಕ್ಕರು.

“ಮುಗೀತಲ್ಲ. ಎಲ್ಲಾ ಹೊರಗ ಬಂತು. ಇನ್ನ ಎಕ್ಸ್‌ರೇ ಯಾಕ ಬೇಕು?”

ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಏಪ್ರಿಲ್ 29

ಬರೆಯಲು ಮನಸ್ಸಿರಲಿಲ್ಲ. ಇವತ್ತು ಕಪಾಟು ನೋಡಿದರೆ ಎಕ್ಸ್‌ರೇ ಚೀಟಿ ಇಲ್ಲ. ಅದರಲ್ಲಿ ಬೆಲ್ಲ ಕಟ್ಟಿಕೊಂಡು ಹೋಗಿದ್ದಾರೆ ಮಹಾನುಭಾವರು. ಘಟಕದಲ್ಲಿ ಈಗ ಒಬ್ಬರೂ ಮಾಸ್ಕ್ ಹಾಕುವುದಿಲ್ಲವಂತೆ. ಬಿಳಿ ಟವೆಲ್ಲಿನ ಕಥೆ ಎಲ್ಲರಿಗೂ ಹೇಳಿದ್ದಾರೆ.

ಮೇ 4, ಭಾನುವಾರ

ಸೌನಾ ನಡೆಸುವ ಚೇತನಕುಮಾರನನ್ನು ನಾನು ಬೈಯದ ದಿನವಿಲ್ಲ. ಇವತ್ತು ಬೆನ್ನಿಗೆ ಬೇಕೆಂದು ಮತ್ತೆ ಹೋದ ಇವರನ್ನು ಅವನೇ ಬಾಗಿಲಲ್ಲಿ ತಡೆದು ವಾಪಸ್ ಕಳಿಸಿದ್ದಾನೆ. ಈ ಕೆಮ್ಮು, ಈ ಏದುಸಿರು ಇಟ್ಟುಕೊಂಡು ಬಂದರೆ ಒಳಗೆ ಬಿಡುವುದಿಲ್ಲ, ಎದೆಯ ಫೋಟೋ ತೆಗೆಸಿ ಡಾಕ್ಟರಿಗೆ ತೋರಿಸಿ ಬನ್ನಿ ಅಂದನಂತೆ. ಮೈಕೈ ನೋವಿಗೆ ಇಟ್ಟ ಡಬ್ಬಿ ಇದು, ಎದೆಯೊಳಗಿನ ಕಲ್ಲು ತೆಗೆಯಲು ಅಲ್ಲ ಅಂತಲೂ.

ಹಾಗಾಗಿ ನಾಳೆ ಎಕ್ಸ್‌ರೇ. ನಾಲ್ಕು ತಿಂಗಳು ನಾನು ಬಾಯಿ ಬಡಿದುಕೊಂಡೆ. ಕೊನೆಗೆ ಒಪ್ಪಿದ್ದು ಡಬ್ಬಿಯೊಳಗೆ ಕೂರುವ ಆಸೆಗೆ!

ಮೇ 5

ಎರಡೂ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ. ಒಳಗೆ ಹೋದದ್ದು ಬೆವರಿನಿಂದಲೂ ಬರುವುದಿಲ್ಲ, ಬೆಲ್ಲದಿಂದಲೂ ಬರುವುದಿಲ್ಲ ಅಂದರು ಡಾಕ್ಟರು. ಇನ್ನು ಆ ಧೂಳಿನಲ್ಲಿ ಕಾಲಿಡಬಾರದು. ಕ್ಷಯವೂ ಇದೆಯೇ ಎಂದು ನೋಡಲು ಕಫದ ಪರೀಕ್ಷೆ ಆಗಬೇಕು.

ಬಸ್ಸಿನಲ್ಲಿ ಬೈಯುವುದನ್ನು ಬಿಟ್ಟು, ಕಫದ ಪರೀಕ್ಷೆಯ ಚೀಟಿಯನ್ನು ನನ್ನ ಪರ್ಸಿನಲ್ಲೇ ಇಟ್ಟುಕೊಂಡೆ. ಭಯವಾಗಿದೆ ನನಗೆ.

ಮೇ 6, ಬೆಳಿಗ್ಗೆ 7

ಎಕ್ಸ್‌ರೇ ಕವರು ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದಾರೆ. ಕೆಲಸಕ್ಕಲ್ಲ. ಘಟಕದವರಿಗೆ ತೋರಿಸಬೇಕಂತೆ. ಹೊಸ್ತಿಲು ದಾಟಿದವರು ತಿರುಗಿ ಬಂದರು.

“ಅವರ ಬಾಯಿ ಮ್ಯಾಲಿನ ಮಾಸ್ಕ್ ನಾನ ತಗಿಸೇನಿ. ಈಗ ಯಾಸೀನಗ ಫೋನ್ ಹಚ್ಚಿದ್ನಿ, ಅವನೂ ಕೆಮ್ಮಾಕತ್ತಾನ. ನನಗ ಹೇಳಾಕ ಬಾಯಿ ಬರವಲ್ದು. ನೀ ಬಾ.”

ಹದಿನೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ನೀ ಬಾ ಅಂದವರಲ್ಲ. ಏನು ಹೇಳಲಿ ನಾನು ಅಲ್ಲಿ? ಪ್ರಯೋಗ ನನ್ನದು. ಮೊದಲು ನಕ್ಕವಳೂ ನಾನೇ. ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಾರೆ, ಕೆಮ್ಮು ಕೇಳಿಸುತ್ತಿದೆ. ಯಾಸೀನನ ಮುಂದೆ ನಿಂತು ಮೊದಲು ನಾನು ಹೇಳಬೇಕು, ಆ ಟವೆಲ್ ಬೆಳ್ಳಗಾದದ್ದು ನನ್ನ ಸೋಪಿನಿಂದ ಅಂತ.