ಮುಖಪುಟದ ಡಬ್ಬ

7 ಜುಲೈ 1999, ಹೊಳೆನರಸೀಪುರ
ವಂಶಿ ಕಾರ್ಗಿಲ್‌ನಲ್ಲಿ ತೆಗೆದ ಫೋಟೋ ಪೇಪರಿನ ಫ್ರಂಟ್ ಪೇಜಲ್ಲಿ ಬಂದಿದೆ! ನನ್ನ ಗಂಡ! ಮದುವೆಯಾಗಿ ಎರಡೇ ತಿಂಗಳು, ಆಗಲೇ ಫೇಮಸ್! ಚನ್ನರಾಯಪಟ್ಟಣದಿಂದ ಅಪ್ಪನ ಫೋನ್ — ಬಸ್‌ಸ್ಟ್ಯಾಂಡಿನಲ್ಲಿದ್ದ ಪೇಪರನ್ನೆಲ್ಲ ಕೊಂಡುಬಿಟ್ಟರಂತೆ. ಖಾಲಿ ಬಂಕರ್, ಕಲ್ಲಿನ ಮೇಲೊಂದು ಸ್ಟೀಲ್ ಡಬ್ಬ. ಕೆಳಗೆ: 'ಹಾಸನದ ಹುತಾತ್ಮ ಯೋಧ ನಟರಾಜ ತಿಂದು ಮುಗಿಸದ ಬುತ್ತಿ.' ಓದಿ ಅತ್ತೆ ಕಣ್ಣೊರೆಸಿಕೊಂಡರು.

ಅದೇ ದಿನ, ಮಧ್ಯಾಹ್ನ
ಡಬ್ಬದ ಅಂಚು ನೆಗ್ಗಿದೆ. ಎಲ್ಲೋ ನೋಡಿದ ಹಾಗೆ... ಭೂತಗನ್ನಡಿ ಹಿಡಿದೆ. ಕೆತ್ತಿದ ಅಕ್ಷರ — 'ಶ್ರೀರಂ'. ನಮ್ಮಜ್ಜಿ ಶ್ರೀರಂಗಮ್ಮ ಮದುವೆಗೆ ಕೊಟ್ಟ ಡಬ್ಬ! ಕೊಬ್ಬರಿ ಮಿಠಾಯಿ ತುಂಬಿ ವಂಶಿಯ ಬ್ಯಾಗಿಗೆ ಹಾಕಿದವಳು ನಾನೇ.
ನಟರಾಜನಿಗೆ ಕೊಟ್ಟಿರಬಹುದು. ಕೊಟ್ಟಿರಬಹುದು, ಅಲ್ಲವಾ?

9 ಜುಲೈ
ಹೊರಡುವ ಮುಂಚೆ ವಂಶಿ ಪುಸ್ತಕವೊಂದರಲ್ಲಿ ಎರಡು ಫೋಟೋ ತೋರಿಸಿದ್ದರು. 1855, ಕ್ರಿಮಿಯಾ ಯುದ್ಧ. ಒಂದೇ ರಸ್ತೆ. ಒಂದರಲ್ಲಿ ಫಿರಂಗಿ ಗುಂಡೆಲ್ಲ ಪಕ್ಕದ ಚರಂಡಿಯಲ್ಲಿ, ಇನ್ನೊಂದರಲ್ಲಿ ರಸ್ತೆ ತುಂಬ.
"ಫೋಟೋಗ್ರಾಫರೇ ಉರುಳಿಸಿದ ಅಂತಾರೆ," ಎಂದು ನಕ್ಕಿದ್ದರು.
"ನೀವೂ ಹೀಗೆ ಮಾಡ್ತೀರಾ?"
"ಥೂ, ನನ್ನನ್ನ ಏನಂದ್ಕೊಂಡಿದೀಯೇ!"

18 ಜುಲೈ
ವಂಶಿ ಬಂದರು. ಕಪ್ಪಗಾಗಿದ್ದಾರೆ, ಸೊರಗಿದ್ದಾರೆ. ತಬ್ಬಿಕೊಂಡೆ. ಆಮೇಲೆ ಬ್ಯಾಗ್ ತೆರೆದೆ. ಡಬ್ಬ.
"ಇದನ್ನ ನಟರಾಜಂಗೆ ಕೊಟ್ಟಿದ್ರಾ?"
"ನಾನು ಹೋಗೋ ಹೊತ್ತಿಗೆ ಅವನ ಸಾಮಾನೆಲ್ಲ ಕೆಳಗೆ ಸಾಗಿಸಿದ್ರು ಕಣೇ. ಅವನನ್ನೂ. ಬರೀ ಕಲ್ಲು. ಫ್ರೇಮಲ್ಲಿ ಏನಾದ್ರೂ ಬೇಕಿತ್ತು."
"ಹಾಗಾದ್ರೆ ಸುಳ್ಳು."
"ಅವನು ಸತ್ತಿದ್ದು ಸುಳ್ಳಾ? ಸುಳ್ಳು ಅಂದ್ರೆ ಡಬ್ಬ ಒಂದೇ, ಪ್ರಿಯಾ."
"ಮಿಠಾಯಿ?"
"ನಾನೇ ತಿಂದೆ... ಚೆನ್ನಾಗಿತ್ತು."

21 ಜುಲೈ
ಹಾಸನದಿಂದ ಫೋನ್. ನಟರಾಜನ ತಾಯಿ ನೀಲಗಂಗಮ್ಮ. ಪೇಪರಿನವರು ನಂಬರ್ ಕೊಟ್ಟರಂತೆ. ವಂಶಿ ಹೊರಗೆ ಹೋಗಿದ್ದರು.
"ಫೋಟೋ ತೆಗ್ದೋರ್ ತಾವ ಆ ಡಬ್ಬ ಐತಾ ಅವ್ವಾ? ನನ್ ಮಗ ಕೊನೇಗೆ ಮುಟ್ಟಿದ್ದು."
ಆಗಲೇ ಹೇಳಬೇಕಿತ್ತು. "ಇದೆ" ಎಂದಷ್ಟೇ ಬಾಯಿಗೆ ಬಂತು.
"ಅದ್ರಲ್ಲಿ ಏನಿತ್ತವ್ವಾ?"
"ಕೊಬ್ಬರಿ ಮಿಠಾಯಿ."
"ಅವ್ನಿಗೆ ಬೋ ಇಷ್ಟ ಕಣವ್ವ. ಯಾವ ಪುಣ್ಯಾತ್ಗಿತ್ತಿ ಮಾಡ್ಕೊಟ್ಟವ್ಳೋ... ನಾನೇ ಬಂದು ಇಸ್ಕೊಂಡೋಯ್ತೀನಿ."
ಅಯ್ಯೋ, ಈಗ ನಾನೂ!

24 ಜುಲೈ
"ಪಾತ್ರೆ ಅಂಗಡೀಲಿ ಹೆಸರು ಉಜ್ಜಿಸಿ ಕೊಟ್ಟುಬಿಡೋಣ," ಎನ್ನುತ್ತಾರೆ ವಂಶಿ. ಉಜ್ಜಿಸಲಿಲ್ಲ. ತೊಳೆದು ಮೇಜಿನ ಮೇಲಿಟ್ಟೆ, ಅಜ್ಜಿಯ ಹೆಸರು ಬಾಗಿಲ ಕಡೆಗೆ. ಗೋಡೆಯ ಕಡೆಗೆ ತಿರುಗಿಸಿದೆ. ಮತ್ತೆ ಬಾಗಿಲ ಕಡೆಗೆ.
ನಾಳೆ ಭಾನುವಾರ. ಅರಸೀಕೆರೆ–ಮೈಸೂರು ಪ್ಯಾಸೆಂಜರಿಗೆ ನೀಲಗಂಗಮ್ಮ ಬರುತ್ತಾರೆ. ಆ ಹೆಸರು ಯಾರದೆಂದು ಕೇಳಿದರೆ —