ಪುಟ್ಟಸಿದ್ದಮ್ಮನ ಮುಯ್ಯಿ

ತೆರಕಣಾಂಬಿ
೪-೮-೨೦೨೫, ಸೋಮವಾರ

ಪ್ರೀತಿಯ ಅತ್ತೆಮ್ಮಾ,

ನಾಗರತ್ನಳ ಶರಣು. ಮಂಡಿನೋವು ಹೇಗಿದೆ? ಮಗಳ ಬಾಣಂತನಕ್ಕೆಂದು ಹರವೆಗೆ ಹೋದವರು ನೀವೇ ಹಾಸಿಗೆ ಹಿಡಿಯಬೇಡಿ, ಎಣ್ಣೆ ತಿಕ್ಕಿಸಿಕೊಳ್ಳಿ. ಕಾವ್ಯಶ್ರೀಗೆ ಊಟ ಸೇರುತ್ತಿದೆಯಾ? ಕೂಸು ನಿದ್ದೆ ಮಾಡುತ್ತದೆಯೋ, ಇಲ್ಲ ನಿಮ್ಮ ಹಾಗೆ ಕೋಳಿಗಿಂತ ಮೊದಲೇ ಎದ್ದು ಮನೆಯವರನ್ನೆಲ್ಲ ಎಬ್ಬಿಸುತ್ತದೆಯೋ? ಫೋನ್ ಮಾಡಿದರೆ ನೀವು ಸ್ಪೀಕರ್‌ಗೆ ಹಾಕಿ ಇಡೀ ಬೀದಿಗೆ ಕೇಳಿಸುತ್ತೀರಿ. ಅದಕ್ಕೇ ಬಾಣಂತಿಗೆಂದು ಇವತ್ತಿನ ಬಸ್ಸಿಗೆ ಹಾಕುತ್ತಿರುವ ಕೊಬ್ಬರಿ, ಅಂಟಿನ ಚೀಲದೊಳಗೆ ಈ ಕಾಗದ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ನೀವೊಬ್ಬರೇ ಓದಿ.

ಸಣ್ಣ ಈರುಳ್ಳಿ ಕಿತ್ತಾಯಿತು, ಗೆಡ್ಡೆ ಚೆನ್ನಾಗಿ ಕೂತಿದೆ. ಆದರೂ ನಿಮ್ಮ ಮಗನದು ಒಂದೇ ರಾಗ, ನಮ್ಮ ಹೊಲವನ್ನೂ ಹೂವಿನ ಕಂಪನಿಗೆ ಗುತ್ತಿಗೆ ಕೊಟ್ಟುಬಿಡೋಣ ಅಂತ. ಗೊಬ್ಬರ ಚಿಲ್ಲರೆ ರೇಟಿಗೆ ಕೊಂಡು ಈರುಳ್ಳಿ ಸಗಟು ರೇಟಿಗೆ ಮಾರುತ್ತೇವೆ, ಬಾಡಿಗೆ ಟ್ರ್ಯಾಕ್ಟರ್ ನಮ್ಮ ಎರಡೆಕರೆಗೆ ಬರುವಷ್ಟರಲ್ಲಿ ಹದ ತಪ್ಪಿರುತ್ತದೆ ಅನ್ನುತ್ತಾರೆ. ಸುಳ್ಳೇನಲ್ಲ. ನನಗೂ ಹೋದ ವಾರದ ತನಕ ಹೂಂ ಅನ್ನಿಸಿತ್ತು.

ಹೊರಡುವಾಗ ನೀವು, 'ಪುಟ್ಟಸಿದ್ದಮ್ಮನ ಮುಯ್ಯಿ ಉಳಿಸ್ಕಬ್ಯಾಡ' ಅಂದಿದ್ದಿರಲ್ಲ. ನಮ್ಮ ಈರುಳ್ಳಿ ಕಳೆ ತೆಗೆಯಲು ಅವರು ಬಂದಿದ್ದರು, ಅವರ ಕಳೆಗೆ ನಾನು ಹೋಗಬೇಕು. ಅವರ ಹೊಲ ಕಂಪನಿಗೆ ಹೋದರೇನು, ಮುಯ್ಯಿ ಹೋಗುತ್ತದೆಯೇ ಅಂದುಕೊಂಡು ಬುಧವಾರ ಕುಡುಗೋಲು ಹಿಡಿದು ಹೊರಟೆ. ಅಲ್ಲಿ ಬದುಗಳನ್ನೆಲ್ಲ ಕೆಡವಿ, ಹತ್ತಾರು ಜನರ ಹೊಲ ಸೇರಿಸಿ ಒಂದೇ ಬಯಲು ಮಾಡಿ ಚೆಂಡುಹೂ ಹಾಕಿದ್ದಾರೆ. ನೋಡಲು ಚೆಂದ, ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪುಟ್ಟಸಿದ್ದಮ್ಮ ಅಲ್ಲೇ ಕೂಲಿಗೆ ಕೂತಿದ್ದರು. ಬೇಜಾರೇನಿಲ್ಲ ಅವರಿಗೆ, ಮಳೆ ಬಂದರೂ ಬಾರದಿದ್ದರೂ ಶನಿವಾರ ಕೂಲಿ ಕೈಸೇರುತ್ತದೆ. ನಾನೂ ಅವರ ಪಕ್ಕದ ಸಾಲಿಗೆ ಕೂತೆ.

ಸೂಪರ್‌ವೈಸರ್ ರೇವಂತ್ ಬಂದು ಆಧಾರ್ ನಂಬರ್ ಕೇಳಿದ. ನನಗೆ ಕೂಲಿ ಬೇಡಪ್ಪ, ನಾನು ಇವರಿಗೆ ಮುಯ್ಯಾಳು ಅಂದೆ. ಕೂಲಿ ಬೇಡ ಅನ್ನುವ ಆಳನ್ನು ಪಾಪ ಅವನೆಲ್ಲಿ ಕಂಡಿದ್ದ! ಆಫೀಸಿಗೆ ಫೋನ್ ಮಾಡಿದ. ಕೂಲಿ ಇಲ್ಲದವರನ್ನು ಒಳಗೆ ಬಿಡಬಾರದಂತೆ. ಆದರೂ ಒಳ್ಳೆ ಹುಡುಗ, ಪುಟ್ಟಸಿದ್ದಮ್ಮನ ಕಡೆ ತಿರುಗಿ, ನಿಮ್ಮ ಹೊಲ ಎಲ್ಲಿಂದ ಎಲ್ಲಿಗೆ ತೋರಿಸಮ್ಮ, ಅಷ್ಟನ್ನು ಇವರು ಮಾಡಿಹೋಗಲಿ ಅಂದ. ಪುಟ್ಟಸಿದ್ದಮ್ಮ ಎದ್ದರು. ಆ ಕಡೆ ಸ್ವಲ್ಪ ನಡೆದರು, ಈ ಕಡೆ ಸ್ವಲ್ಪ. ಬದು ಇಲ್ಲ, ಬದುವಿನ ಹರಳುಗಿಡ ಇಲ್ಲ, ಎಲ್ಲೆ ಕಲ್ಲೂ ಇಲ್ಲ. ಅವರಿಗೇ ಗುರುತು ಸಿಗಲಿಲ್ಲ. ನನಗೆ ಅಳು ಬಂತು ಅತ್ತೆಮ್ಮಾ. ಆಮೇಲೆ ಅವರೇ ನನ್ನ ಕೈ ಹಿಡಿದು, 'ಇರ್ಲಿ ಬುಡು ಕಣಮ್ಮಿ, ಮುಯ್ಯಿ ನಿನ್ ಮ್ಯಾಲೇ ಇರ್ಲಿ. ಬರೋ ವರ್ಸ ಗುತ್ಗೆ ಮುಗೀತದೆ, ಬದ ಕಟ್ಟಕ್ಕೆ ಬಾ' ಅಂದರು.

ನಿನ್ನೆ ಭಾನುವಾರ, ಕಂಪನಿಗೆ ರಜ. ಈರುಳ್ಳಿಗೆ ಆಳು ಸಿಗದೆ ನಿಮ್ಮ ಮಗ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಪುಟ್ಟಸಿದ್ದಮ್ಮ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದರು. ಹೊತ್ತು ಮುಳುಗುವಷ್ಟರಲ್ಲಿ ಹೊಲ ಖಾಲಿ. ಮಧ್ಯಾಹ್ನ ನಮ್ಮ ಬದುವಿನ ಬೆರಕೆ ಸೊಪ್ಪಿನ ಸಾರು, ಮುದ್ದೆ ಹಾಕಿದೆ. ಕಂಪನಿ ಹೊಲದಲ್ಲಿ ಇದನ್ನೇ ಕಳೆ ಅಂತ ಕಿತ್ತು ಎಸೆಯುತ್ತಾರಂತೆ. ಹೇಳಿಕೊಂಡು ನಕ್ಕು ನಕ್ಕು ಎರಡನೇ ಸಲ ಬಡಿಸಿಕೊಂಡರು. ನನಗಂತೂ ಹೊಟ್ಟೆ ತುಂಬಿತು.

ಕಾವ್ಯಶ್ರೀಗೆ ತಣ್ಣೀರು ಮುಟ್ಟಲು ಬಿಡಬೇಡಿ. ಕೂಸಿಗೆ ನನ್ನದೊಂದು ಮುತ್ತು, ನಿಮ್ಮ ಆಶೀರ್ವಾದ ನನಗಿರಲಿ.

ನಿಮ್ಮ ಸೊಸೆ,
ನಾಗರತ್ನ

ಮರೆತಿದ್ದೆ: ಗುರುವಾರ ನಿಮ್ಮ ಮಗ ಕೂಸು ನೋಡುವ ನೆಪದಲ್ಲಿ ಗುತ್ತಿಗೆ ಕಾಗದ ತರುತ್ತಾರೆ. ಹೊಲ ನಿಮ್ಮ ಹೆಸರಲ್ಲಿದೆ, ನಿಮ್ಮ ಸಹಿ ಬೇಕು. ಹಾಕಬೇಡಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ. ಇಲ್ಲ, ನಾನೇ ಹೇಳಿದ್ದು ಅಂತಲೇ ಹೇಳಿ.